ನೀರಿನಡಿಯ ನೋಟಕ್ಕೆ ತಕ್ಕ ಗಾಜು

ಮನುಷ್ಯನ ಕಣ್ಣು ಗಾಳಿಯಲ್ಲಿ ನೋಡುವುದಕ್ಕೆಂದು ರೂಪುಗೊಂಡ ಅಂಗ. ಹೊರಗಿನಿಂದ ಬಂದ ಬೆಳಕನ್ನು ಬಾಗಿಸಿ, ಕಣ್ಣಿನ ಹಿಂಭಾಗದ ರೆಟಿನಾ ಎಂಬ ಪದರದ ಮೇಲೆ ಬಿಂಬ ಮೂಡಿಸುವ ಅದರ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್. ಮಸೂರವೊಂದರ ಸಂಗಮ ದೂರವನ್ನು ಮೀಟರಿನಲ್ಲಿ ಅಳೆದು, ಒಂದನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಬರುವ ಬೆಲೆಯೇ ಡಯಾಪ್ಟರ್. ಕನ್ನಡಕದ ಅಂಗಡಿಯಲ್ಲಿ ‘ಪವರ್’ ಎಂಬ ಹೆಸರಿನಿಂದ ಎಲ್ಲರಿಗೂ ಪರಿಚಿತವಾಗಿರುವುದು ಇದೇ. ಈ 60ರಲ್ಲಿ ಸುಮಾರು 43 ಡಯಾಪ್ಟರಿನಷ್ಟು ಕೆಲಸವನ್ನು ಮಾಡುವುದು ಕಣ್ಣಿನ ಒಳಗಿರುವ ಮಸೂರವಲ್ಲ, ಕಣ್ಣಿನ ಮುಂಭಾಗದಲ್ಲಿ ಗಾಳಿಗೆ ಒಡ್ಡಿಕೊಂಡಿರುವ ಕಾರ್ನಿಯಾ ಎಂಬ ಪಾರದರ್ಶಕ ಪದರ. ಬೆಳಕು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವಾಗ ಎಷ್ಟು ಬಾಗುತ್ತದೆ ಎಂಬುದು ಆ ಎರಡೂ ಮಾಧ್ಯಮಗಳ ವಕ್ರೀಭವನ ಸೂಚ್ಯಂಕಗಳ ನಡುವಿನ ಅಂತರವನ್ನು ಅವಲಂಬಿಸುತ್ತದೆ. ಗಾಳಿಯ ಸೂಚ್ಯಂಕ 1.00, ಕಾರ್ನಿಯಾದ್ದು 1.376, ಸಮುದ್ರದ ನೀರಿನದು ಸುಮಾರು 1.34. ಕಣ್ಣು ನೇರವಾಗಿ ನೀರನ್ನು ಮುಟ್ಟಿದ ಕ್ಷಣದಲ್ಲಿ ಈ ಅಂತರ 0.376ರಿಂದ 0.036ಕ್ಕೆ, ಅಂದರೆ ಹತ್ತರಲ್ಲಿ ಒಂದು ಪಾಲಿಗೆ ಕುಸಿಯುವುದರಿಂದ ಕಾರ್ನಿಯಾ ಹೆಚ್ಚುಕಡಿಮೆ ಇಲ್ಲದಂತೆಯೇ ಆಗಿಬಿಡುತ್ತದೆ. ಬರಿಗಣ್ಣಿನಿಂದ ನೀರಿನೊಳಗೆ ನೋಡುವವರಿಗೆ ಎಲ್ಲವೂ ಕಲಸಿದಂತೆ ಕಾಣುವುದು ಈ ಕಾರಣದಿಂದ. ನೆಲದ ಮೇಲೆ ಚೊಕ್ಕಟ ದೃಷ್ಟಿಯುಳ್ಳವರಿಗೂ ದಪ್ಪ ಕನ್ನಡಕದವರಿಗೂ ಅಲ್ಲಿ ದೊಡ್ಡ ವ್ಯತ್ಯಾಸವಿರುವುದಿಲ್ಲ.

ಮೀನಿನ ಕಣ್ಣು ಈ ನಷ್ಟವನ್ನು ಬೇರೊಂದು ದಾರಿಯಿಂದ ತುಂಬಿಕೊಂಡಿದೆ. ಅದರ ಮಸೂರ ಮನುಷ್ಯನದರಂತೆ ಚಪ್ಪಟೆಯಾಗಿರದೆ ಗೋಲಿಯಂತೆ ಗುಂಡಗಿದ್ದು, ನಡುವಿನಲ್ಲಿ ಹೆಚ್ಚು ಸಾಂದ್ರವಾಗಿ ಅಂಚಿನ ಕಡೆಗೆ ತೆಳುವಾಗುತ್ತ ಹೋಗುವ ಪದಾರ್ಥದಿಂದ ಆಗಿರುವುದರಿಂದ ಕಾರ್ನಿಯಾದ ನೆರವಿಲ್ಲದೆಯೇ ಬೆಳಕನ್ನು ರೆಟಿನಾಕ್ಕೆ ತಲುಪಿಸುತ್ತದೆ. ಮನುಷ್ಯರಲ್ಲಿಯೂ ಗಮನಾರ್ಹವಾದ ಒಂದು ಅಪವಾದವಿದೆ. ಥಾಯ್ಲೆಂಡಿನ ಪಶ್ಚಿಮ ಕರಾವಳಿಯ ದ್ವೀಪಗಳಲ್ಲಿ ಬದುಕುವ ಮೋಕೆನ್ ಎಂಬ ಕಡಲ ಸಮುದಾಯದ ಮಕ್ಕಳು ಬರಿಗಣ್ಣಿನಿಂದಲೇ ನೀರಿನಡಿಯ ಸಣ್ಣ ಚಿಪ್ಪುಗಳನ್ನು ಹೆಕ್ಕುತ್ತಾರೆ. ಅವರ ನೀರೊಳಗಿನ ದೃಷ್ಟಿ ಯುರೋಪಿನ ಮಕ್ಕಳದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಸೂಕ್ಷ್ಮವೆಂದು ಸ್ವೀಡನ್ನಿನ ಸಂಶೋಧಕಿ ಆನ್ನಾ ಗಿಸ್ಲೆನ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ತೋರಿಸಿಕೊಟ್ಟರು. ಮುಳುಗಿದಾಗ ಆ ಮಕ್ಕಳ ಕಣ್ಣುಪಾಪೆ ಸುಮಾರು 2 ಮಿಲಿಮೀಟರಿಗೆ ಕಿರಿದಾಗುತ್ತದೆ, ಒಳಗಿನ ಮಸೂರವೂ ಗರಿಷ್ಠ ಮಟ್ಟಕ್ಕೆ ಉಬ್ಬುತ್ತದೆ. ಅಭ್ಯಾಸದಿಂದ ಬೇರೆ ಮಕ್ಕಳೂ ಇದನ್ನು ಕಲಿಯಬಲ್ಲರೆಂದು ಮುಂದಿನ ಪ್ರಯೋಗಗಳು ತಿಳಿಸಿದವು. ಆದರೆ ಮಸೂರದ ಆ ಮಟ್ಟದ ಮೃದುತ್ವ ಬಾಲ್ಯದೊಂದಿಗೆ ಕಳೆಯುವುದರಿಂದ ವಯಸ್ಕರಿಗೆ ಮಾಸ್ಕ್ ಅನಿವಾರ್ಯ.

ಮಾಸ್ಕ್ ಮಾಡುವ ಮುಖ್ಯ ಕೆಲಸ ಕಣ್ಣಿನ ಮುಂದೆ ಗಾಳಿಯನ್ನು ಮರಳಿ ತಂದಿಡುವುದು. ಕಾರ್ನಿಯಾ ಮತ್ತೆ ಗಾಳಿಯನ್ನು ಮುಟ್ಟುವುದರಿಂದ ಕಳೆದುಹೋಗಿದ್ದ ಶಕ್ತಿ ಮರಳುತ್ತದೆ. ಬದಲಿಗೆ ಬೆಳಕು ನೀರಿನಿಂದ ಗಾಜನ್ನು ದಾಟಿ ಗಾಳಿಗೆ ಬರುವಾಗ ಹೊಸದೊಂದು ಬಾಗುವಿಕೆ ಸೇರಿಕೊಳ್ಳುತ್ತದೆ. ಇದರಿಂದ ವಸ್ತುಗಳು ನಿಜವಾದ ದೂರದ ಮುಕ್ಕಾಲು ಪಾಲಿನಷ್ಟು ಹತ್ತಿರದಲ್ಲಿಯೂ, ಸುಮಾರು ಮೂರನೆಯ ಒಂದು ಪಾಲು ದೊಡ್ಡದಾಗಿಯೂ ಕಾಣುತ್ತವೆ. ಮುಳುಗುಗಾರರ ನಡುವೆ ವ್ಯಾಪಕವಾಗಿರುವ ಒಂದು ನಂಬಿಕೆ ಹುಟ್ಟಿದ್ದು ಇಲ್ಲಿಯೇ: ನೀರು ಎಲ್ಲವನ್ನೂ ಹಿಗ್ಗಿಸಿ ತೋರಿಸುವುದರಿಂದ ಸಮೀಪದೃಷ್ಟಿಯವರಿಗೆ ಕನ್ನಡಕದ ಅಗತ್ಯ ತಾನಾಗಿಯೇ ತಪ್ಪುತ್ತದೆ ಎಂಬುದು ಆ ನಂಬಿಕೆ. ಅದರಲ್ಲಿ ಅರ್ಧ ನಿಜವಿದೆ, ಮತ್ತು ಮಾಸ್ಕಿನ ಗಾಜನ್ನು ಆರಿಸುವವರು ಆ ಅರ್ಧ ಯಾವುದೆಂದು ತಿಳಿದಿರಬೇಕು.

ಸಮೀಪದೃಷ್ಟಿ ಎಂದರೆ ಹತ್ತಿರದ್ದು ಸ್ಪಷ್ಟವಾಗಿ, ದೂರದ್ದು ಮಸುಕಾಗಿ ಕಾಣುವ ದೋಷ. ಮೈನಸ್ 2 ಡಯಾಪ್ಟರ್ ಬೇಕಾಗುವ ಕಣ್ಣಿಗೆ ಅರ್ಧ ಮೀಟರಿನಾಚೆಯದೆಲ್ಲ ಮಸುಕು. ಬಹುದೂರದ ವಸ್ತುವಿನಿಂದ ಬರುವ ಕಿರಣಗಳು ಒಂದಕ್ಕೊಂದು ಸಮಾನಾಂತರವಾಗಿರುತ್ತವೆ; ಸಪಾಟಾದ ಗಾಜನ್ನು ದಾಟಿದ ಮೇಲೂ ಅವು ದಿಕ್ಕು ಬದಲಿಸಿದರೂ ಸಮಾನಾಂತರವಾಗಿಯೇ ಉಳಿಯುತ್ತವೆ. ಹಾಗಾಗಿ ದೂರದ ನೋಟದ ಮಟ್ಟಿಗೆ ನೀರು ಒಂದು ಡಯಾಪ್ಟರಿನ ಕಾಲು ಭಾಗದಷ್ಟೂ ದೋಷವನ್ನು ಕಡಿಮೆ ಮಾಡುವುದಿಲ್ಲ. ಕಡಿಮೆಯಾಗುವುದು ಆ ಮಸುಕಿನ ಪರಿಣಾಮ ಮಾತ್ರ, ಏಕೆಂದರೆ ರೆಟಿನಾದ ಮೇಲಿನ ಮಸುಕು ಅಷ್ಟೇ ಇದ್ದು ಬಿಂಬ ಮಾತ್ರ ಮೂರನೆಯ ಒಂದು ಪಾಲು ದೊಡ್ಡದಾಗುತ್ತದೆ. ಹತ್ತಿರದ ವಸ್ತುಗಳ ಲೆಕ್ಕ ಬೇರೆ. ಎರಡು ಮೀಟರ್ ದೂರದ ಹವಳ ಮಾಸ್ಕಿನ ಮೂಲಕ ಒಂದೂವರೆ ಮೀಟರಿನಲ್ಲಿ ಇರುವಂತೆ ತೋರುವುದರಿಂದ, ನೆಲದ ಮೇಲೆ 50 ಸೆಂಟಿಮೀಟರಿನವರೆಗೆ ಸ್ಪಷ್ಟವಾಗಿ ಕಾಣುವ ಮೈನಸ್ 2ರ ಕಣ್ಣಿಗೆ ನೀರಿನೊಳಗೆ ಸುಮಾರು 67 ಸೆಂಟಿಮೀಟರಿನವರೆಗಿನದು ಸ್ಪಷ್ಟವಾಗುತ್ತದೆ. ಅಷ್ಟು ದೂರ ಕೈಯಳತೆಗೆ ಸಮೀಪವಾದದ್ದು. ಆ ಕಣ್ಣು ತನ್ನ ಕೈಯಲ್ಲಿರುವ ಉಪಕರಣವನ್ನು ಓದಬಲ್ಲದು. ಐದು ಮೀಟರಿನಾಚೆ ಈಜುವ ಜೊತೆಗಾರನ ಕೈಸನ್ನೆಯನ್ನು ಖಚಿತವಾಗಿ ಗುರುತಿಸಲಾರದು.

ಆದ್ದರಿಂದ ಈ ಆಯ್ಕೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಪವರ್ ಎಷ್ಟು ಎಂಬುದಲ್ಲ, ನೀರಿನೊಳಗೆ ಏನನ್ನು ಕಾಣಲೇಬೇಕು ಎಂಬುದು. ಸಾಮಾನ್ಯವಾಗಿ 200 ಬಾರ್ ಒತ್ತಡದಲ್ಲಿ ತುಂಬಿಸುವ ಗಾಳಿಯ ಸಿಲಿಂಡರಿನಲ್ಲಿ 50 ಬಾರ್ ಉಳಿದಿರುವಾಗಲೇ ಮೇಲಕ್ಕೆ ತಲುಪಿರಬೇಕೆಂಬ ನಿಯಮವನ್ನು ಪಾಲಿಸುವುದಕ್ಕೆ ಗೇಜಿನ ಮುಳ್ಳು ಕಾಣಬೇಕು; ಆಳವನ್ನೂ ಉಳಿದ ಸಮಯವನ್ನೂ ತೋರಿಸುವ ಡೈವ್ ಕಂಪ್ಯೂಟರಿನ ಅಂಕಿಗಳು ಕಾಣಬೇಕು; ಜೊತೆಗಾರನೂ, ಮೇಲೆ ಬಂದ ಮೇಲೆ ದೋಣಿಯೂ ಅದರ ಏಣಿಯೂ ಕಾಣಬೇಕು. ಮೀನಿನ ಬಣ್ಣ, ಹವಳದ ನಯ ಇವೆಲ್ಲ ಇದರ ನಂತರದ ಮಾತು. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ತರಬೇತುದಾರನ ಕೈಹಿಡಿದು ಮೊದಲ ಬಾರಿಗೆ ಮುಳುಗುವವರ ಗೇಜನ್ನು ಆ ತರಬೇತುದಾರನೇ ನೋಡಿಕೊಳ್ಳುತ್ತಾನೆ; ಮೈನಸ್ 1 ಅಥವಾ 1.5ರಷ್ಟು ದೋಷವಿರುವವರು ಅಂಥ ಸಂದರ್ಭದಲ್ಲಿ ಬಾಡಿಗೆಯ ಸಾದಾ ಮಾಸ್ಕಿನಲ್ಲಿಯೇ ಹೋಗಿ ಬರಬಹುದು. ತನ್ನ ಗಾಳಿಗೆ ತಾನೇ ಹೊಣೆಗಾರನಾಗಿ ಮುಳುಗುವ ವ್ಯಕ್ತಿಗೆ ಈ ಸಡಿಲಿಕೆ ಸಲ್ಲದು. ಇನ್ನೂ ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು: ಆಳ ಹೆಚ್ಚಿದಂತೆ ಬೆಳಕು ಕಡಿಮೆಯಾಗಿ ಕಣ್ಣುಪಾಪೆ ಹಿಗ್ಗುತ್ತದೆ, ಪಾಪೆ ಹಿಗ್ಗಿದಷ್ಟೂ ಅದೇ ಪವರಿನ ದೋಷ ಹೆಚ್ಚು ಮಸುಕನ್ನು ಉಂಟುಮಾಡುತ್ತದೆ. ನಡುಹಗಲಿನಲ್ಲಿ ಐದು ಮೀಟರ್ ಆಳದಲ್ಲಿ ಅಡ್ಡಿಯೆನಿಸದ ದೋಷ ಮುಸ್ಸಂಜೆಯ ಅಥವಾ ರಾತ್ರಿಯ ಮುಳುಗಿನಲ್ಲಿ ತೊಡಕಾಗುವುದು ಹೀಗೆ.

ಎಂದಿನ ಕನ್ನಡಕವನ್ನು ಧರಿಸಿಯೇ ಮಾಸ್ಕ್ ಹಾಕಿಕೊಳ್ಳುವುದು ಸಾಧ್ಯವಿಲ್ಲ. ಮಾಸ್ಕಿನ ಸಿಲಿಕೋನ್ ಅಂಚು ಮುಖದ ಚರ್ಮಕ್ಕೆ ಬಿರುಕಿಲ್ಲದಂತೆ ಅಂಟಿಕೊಂಡಿರಬೇಕಾಗಿದ್ದು, ಕನ್ನಡಕದ ಕಡ್ಡಿಗಳು ಆ ಅಂಚನ್ನು ಎತ್ತಿ ನೀರಿಗೆ ದಾರಿ ಮಾಡಿಕೊಡುತ್ತವೆ. ಪವರ್ ಇರುವ ಈಜುಗನ್ನಡಕವೂ ಇಲ್ಲಿ ಕೆಲಸಕ್ಕೆ ಬಾರದು, ಮತ್ತು ಇದು ಅನುಕೂಲದ ಪ್ರಶ್ನೆಯಲ್ಲ, ಕಣ್ಣಿನ ಸುರಕ್ಷತೆಯ ಪ್ರಶ್ನೆ. ಹತ್ತು ಮೀಟರ್ ಆಳಕ್ಕಿಳಿದಾಗ ಸುತ್ತಲಿನ ಒತ್ತಡ ಎರಡು ಪಟ್ಟಾಗಿ ಗಾಜಿನ ಹಿಂದಿನ ಗಾಳಿಯ ಗಾತ್ರ ಅರ್ಧಕ್ಕಿಳಿಯುತ್ತದೆ. ಮೂಗನ್ನೂ ಒಳಗೊಂಡ ಸ್ಕೂಬಾ ಮಾಸ್ಕಿನಲ್ಲಿ ಮೂಗಿನಿಂದ ಗಾಳಿ ಬಿಟ್ಟು ಆ ಕೊರತೆಯನ್ನು ತುಂಬಬಹುದು. ಕಣ್ಣನ್ನು ಮಾತ್ರ ಮುಚ್ಚುವ ಈಜುಗನ್ನಡಕದಲ್ಲಿ ಹಾಗೆ ಮಾಡಲು ದಾರಿಯೇ ಇಲ್ಲದಿರುವುದರಿಂದ ಅದು ಕಣ್ಣಿನ ಮೇಲೆ ಹೀರುಬಟ್ಟಲಾಗಿ ಕೂತು, ಕಣ್ಣಿನ ಬಿಳಿಭಾಗದ ಸಣ್ಣ ರಕ್ತನಾಳಗಳು ಒಡೆದು ಕಣ್ಣು ಕೆಂಪಾಗುವಂತೆ ಮಾಡುತ್ತದೆ.

ಉಳಿಯುವ ದಾರಿಗಳಲ್ಲಿ ಹೆಚ್ಚಿನವರಿಗೆ ಹೊಂದುವುದು ಸಿದ್ಧ ಪವರ್ ಗಾಜುಗಳನ್ನು ಕೂರಿಸಿದ ಮಾಸ್ಕ್. ಎರಡು ಕಣ್ಣಿಗೆ ಎರಡು ಬೇರೆ ಬೇರೆ ಗಾಜುಗಳಿರುವ ಮಾಸ್ಕುಗಳಲ್ಲಿ ಅನೇಕವನ್ನು ಈ ಉದ್ದೇಶಕ್ಕೆಂದೇ ತಯಾರಿಸಲಾಗಿರುತ್ತದೆ; ಮೂಲ ಗಾಜನ್ನು ತೆಗೆದು ಅದೇ ಆಕಾರದ ಪವರ್ ಗಾಜನ್ನು ಆ ಜಾಗದಲ್ಲಿ ಇಡಲಾಗುತ್ತದೆ. ಇವು ಸಾಮಾನ್ಯವಾಗಿ ಅರ್ಧ ಡಯಾಪ್ಟರಿನ ಮೆಟ್ಟಿಲುಗಳಲ್ಲಿ ದೊರೆಯುತ್ತವೆ. ಬಲಗಣ್ಣಿಗೆ ಒಂದು, ಎಡಗಣ್ಣಿಗೆ ಇನ್ನೊಂದು ಪವರ್ ಇದ್ದರೂ ತೊಂದರೆಯಿಲ್ಲ. ಗಾಜು ಹದಗೊಳಿಸಿದ್ದಾಗಿರಬೇಕು, ಅಂದರೆ ಒಡೆದರೂ ಚೂಪಾದ ಚೂರುಗಳಾಗದಂತೆ ಕಾಯಿಸಿ ತಣಿಸಿದ ‘ಟೆಂಪರ್ಡ್’ ಗಾಜಾಗಿರಬೇಕು. ಇಂಥ ಗಾಜನ್ನು ಹದಗೊಳಿಸಿದ ಮೇಲೆ ಮತ್ತೆ ಉಜ್ಜಿ ಪವರ್ ಕೊಡಲಾಗುವುದಿಲ್ಲವಾದ್ದರಿಂದ, ಈಗಾಗಲೇ ಇರುವ ಮಾಸ್ಕಿನ ಗಾಜನ್ನೇ ಕನ್ನಡಕದ ಅಂಗಡಿಗೆ ಒಯ್ದು ಅದರಲ್ಲಿಯೇ ಪವರ್ ಮಾಡಿಸಿಕೊಳ್ಳುವ ಯೋಚನೆ ಫಲಿಸದು.

ಈ ಗಾಜುಗಳ ರಚನೆಯಲ್ಲಿ ಅರಿಯಬೇಕಾದ ಒಂದು ಸೂಕ್ಷ್ಮವಿದೆ. ಅವುಗಳ ಹೊರಮೈ ಸಂಪೂರ್ಣ ಸಪಾಟಾಗಿದ್ದು, ಪವರ್ ನೀಡುವ ಬಾಗು ಇರುವುದು ಮುಖದ ಕಡೆಯ ಒಳಮೈಯಲ್ಲಿ ಮಾತ್ರ. ಬಾಗಿದ ಮೈ ಹೊರಗಿದ್ದರೆ ಅದು ಗಾಳಿಯಲ್ಲಿ ಒಂದು ಪವರ್, ನೀರಿನಲ್ಲಿ ಇನ್ನೊಂದು ಪವರ್ ಆಗುತ್ತಿತ್ತು. ಒಳಮೈ ಯಾವಾಗಲೂ ಗಾಳಿಯನ್ನೇ ಮುಟ್ಟಿಕೊಂಡಿರುವುದರಿಂದ ಅದರ ಬೆಲೆ ಬದಲಾಗದು. ದೋಣಿಯ ಮೇಲಿದ್ದಾಗಲೂ ಇಪ್ಪತ್ತು ಮೀಟರ್ ಆಳದಲ್ಲಿಯೂ ಒಂದೇ ಮಾಸ್ಕ್ ಒಂದೇ ರೀತಿ ತಿದ್ದುವುದು ಇದರಿಂದಾಗಿ. ಇದೇ ತತ್ತ್ವವನ್ನು ತಿರುಗುಮುರುಗಾಗಿ ಬಳಸಿಕೊಂಡ ಮಾಸ್ಕೊಂದು ಒಂದು ಕಾಲದಲ್ಲಿ ಮಾರುಕಟ್ಟೆಗೆ ಬಂದಿತ್ತು. ಪ್ರತಿ ಕಣ್ಣಿನ ಮುಂದೆ ಗುಮ್ಮಟದಂತೆ ಹೊರಕ್ಕೆ ಉಬ್ಬಿದ ಕಿಟಕಿಯಿದ್ದ ಆ ಮಾಸ್ಕ್ ನೀರಿನಲ್ಲಿ ತಾನೇ ಸುಮಾರು 4.5 ಡಯಾಪ್ಟರಿನ ಮೈನಸ್ ಮಸೂರದಂತೆ ವರ್ತಿಸುತ್ತಿದ್ದುದರಿಂದ, ಅಷ್ಟೇ ಸಮೀಪದೃಷ್ಟಿಯುಳ್ಳವರು ಬೇರೆ ಯಾವ ತಿದ್ದುಪಡಿಯೂ ಇಲ್ಲದೆ ಅದರ ಮೂಲಕ ನಿಚ್ಚಳವಾಗಿ ನೋಡುತ್ತಿದ್ದರು. ನೆಟ್ಟಗಿನ ದೃಷ್ಟಿಯವರೇ ಅದನ್ನು ಬಳಸಲು ಪ್ಲಸ್ ಕಾಂಟ್ಯಾಕ್ಟ್ ಲೆನ್ಸ್ ಧರಿಸಬೇಕಾಗಿತ್ತು. ದೃಗ್ವಿಜ್ಞಾನದ ದೃಷ್ಟಿಯಿಂದ ಅದು ಸೊಗಸಾದ ಕಲ್ಪನೆ. ಆದರೆ ನೀರಿನಿಂದ ತಲೆ ಎತ್ತಿದ ಕೂಡಲೇ ಆ ಮೈನಸ್ ಮಾಯವಾಗಿ, ಅದೇ ಸಮೀಪದೃಷ್ಟಿಯವರಿಗೆ ದೋಣಿ ಮಸುಕಾಗಿಬಿಡುತ್ತಿತ್ತು.

ಕನ್ನಡಕದ ಚೀಟಿಯಲ್ಲಿರುವ ಸಂಖ್ಯೆಯನ್ನೇ ಮಾಸ್ಕಿಗೂ ಬಳಸಬಹುದೇ ಎಂಬ ಪ್ರಶ್ನೆಗೆ ಉತ್ತರ ಎರಡು ವಿರುದ್ಧ ಸೆಳೆತಗಳ ನಡುವೆ ಇದೆ. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರದಲ್ಲಿರುತ್ತದೆ. ಮಾಸ್ಕಿನ ಗಾಜು ಅದಕ್ಕಿಂತ ಮುಂದಿರುತ್ತದೆ. ಮೈನಸ್ ಗಾಜು ಕಣ್ಣಿನಿಂದ ದೂರ ಸರಿದಷ್ಟೂ ಅದರ ಪರಿಣಾಮ ಕುಗ್ಗುತ್ತದೆ. ಮಾಸ್ಕಿನ ಗಾಜು ಕನ್ನಡಕಕ್ಕಿಂತ 15 ಮಿಲಿಮೀಟರ್ ಮುಂದಿದೆಯೆಂದು ಹಿಡಿದರೆ, ಮೈನಸ್ 6ರ ಕನ್ನಡಕದ ಕೆಲಸವನ್ನು ಮಾಡಲು ಮಾಸ್ಕಿನಲ್ಲಿ ಸುಮಾರು ಮೈನಸ್ 6.6 ಬೇಕು. ಇದು ಮೊದಲ ಸೆಳೆತ. ಎರಡನೆಯದು ವಿರುದ್ಧ ದಿಕ್ಕಿನದು: ನೀರಿನೊಳಗೆ ನೋಡಬೇಕಾದ ಹೆಚ್ಚಿನ ವಸ್ತುಗಳು ಕೆಲವೇ ಮೀಟರುಗಳೊಳಗೆ ಇರುತ್ತವೆ, ಅವೂ ಮುಕ್ಕಾಲು ದೂರದಲ್ಲಿರುವಂತೆ ತೋರುತ್ತವೆ. ಎರಡು ಮೀಟರ್ ದೂರದ ವಸ್ತುವಿನ ಮಟ್ಟಿಗೆ ಇದರಿಂದ ಸಮೀಪದೃಷ್ಟಿಯ ಕಣ್ಣಿಗೆ ಬೇಕಾಗುವ ಮೈನಸ್ ಸುಮಾರು 0.67ರಷ್ಟು ಇಳಿಯುತ್ತದೆ. ಎರಡೂ ಸೆಳೆತಗಳು ಮೈನಸ್ 6ರ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಒಂದನ್ನೊಂದು ತೊಡೆದುಹಾಕುವುದರಿಂದ, ಅಲ್ಲಿಯವರೆಗೆ ಚೀಟಿಯ ಸಂಖ್ಯೆಯನ್ನೇ ತೆಗೆದುಕೊಂಡು, ಅದು ಎರಡು ಮೆಟ್ಟಿಲುಗಳ ನಡುವೆ ಬಿದ್ದರೆ ಕಡಿಮೆಯದನ್ನು ಆರಿಸಬಹುದು, ಮೈನಸ್ 3.25 ಇದ್ದವರಿಗೆ ಮೈನಸ್ 3ರ ಗಾಜು ಸಾಕು. ಮೈನಸ್ 10ರಂಥ ದಪ್ಪ ಪವರಿನಲ್ಲಿ ಈ ಸಮತೋಲ ಮುರಿಯುತ್ತದೆ. ಅಲ್ಲಿ ಅದೇ 15 ಮಿಲಿಮೀಟರ್ ಅಂತರಕ್ಕೆ ಸುಮಾರು ಮೈನಸ್ 11.8 ಬೇಕಾಗುವುದರಿಂದ, ಅಂಥವರು ಮಾಸ್ಕನ್ನೇ ದೃಷ್ಟಿತಜ್ಞರ ಬಳಿಗೆ ಒಯ್ದು ಗಾಜಿನ ಅಂತರವನ್ನು ಅಳೆಯಿಸಿ ಲೆಕ್ಕ ಹಾಕಿಸುವುದು ಸರಿಯಾದ ಕ್ರಮ. ಒಳಗಿನ ಗಾಳಿಯ ಜಾಗ ಚಿಕ್ಕದಿರುವ, ಗಾಜು ಮುಖಕ್ಕೆ ಹತ್ತಿರವಿರುವ ಮಾಸ್ಕನ್ನು ಆರಿಸಿದರೆ ಈ ತೊಡಕು ಮೂಲದಲ್ಲಿಯೇ ಕಡಿಮೆಯಾಗುತ್ತದೆ, ನೋಟದ ಹರಹೂ ಹೆಚ್ಚುತ್ತದೆ.

ಸಿದ್ಧ ಗಾಜುಗಳ ದೊಡ್ಡ ಕೊರತೆ ಅವುಗಳಲ್ಲಿ ಸಿಲಿಂಡರ್ ಪವರ್ ಇಲ್ಲದಿರುವುದು. ಕಾರ್ನಿಯಾ ಎಲ್ಲ ದಿಕ್ಕಿನಲ್ಲೂ ಸಮನಾಗಿ ಬಾಗಿರದೆ ಒಂದು ದಿಕ್ಕಿನಲ್ಲಿ ಹೆಚ್ಚು ಬಾಗಿದ್ದಾಗ ಉಂಟಾಗುವ ದೋಷಕ್ಕೆ ಅಸ್ಟಿಗ್ಮ್ಯಾಟಿಸಂ ಎಂದು ಹೆಸರು. ಅದನ್ನು ತಿದ್ದುವ, ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವ ಪವರ್ ಚೀಟಿಯಲ್ಲಿ ‘ಸಿಲ್’ ಎಂಬ ಕಾಲಮ್ಮಿನಲ್ಲಿರುತ್ತದೆ. ಈ ಸಂಖ್ಯೆ ಚಿಕ್ಕದಿದ್ದಾಗ ಅದರ ಅರ್ಧವನ್ನು ಮುಖ್ಯ ಪವರಿಗೆ ಸೇರಿಸಿದರೆ ನಡುವಿನ ಒಂದು ಬೆಲೆ ದೊರೆಯುತ್ತದೆ. ಮೈನಸ್ 3 ಮುಖ್ಯ ಪವರ್, ಮೈನಸ್ 1 ಸಿಲಿಂಡರ್ ಇದ್ದವರಿಗೆ ಮೈನಸ್ 3.5ರ ಸಾದಾ ಗಾಜು ಸಮಾಧಾನಕರವಾದ ನೋಟ ಕೊಡುತ್ತದೆ. ಸಿಲಿಂಡರ್ ಒಂದೂವರೆ, ಎರಡನ್ನು ದಾಟಿದವರಿಗೆ ಈ ಉಪಾಯ ಸಾಲುವುದಿಲ್ಲ. ಅಂಕಿಗಳು ನೆರಳಿನೊಂದಿಗೆ ಎರಡೆರಡಾಗಿ ಕಾಣುವುದನ್ನು ಅರ್ಧದ ಲೆಕ್ಕ ಹೋಗಲಾಡಿಸಲಾರದು. ಎರಡನೆಯ ಕೊರತೆ ಗಾಜಿನ ಮಧ್ಯಬಿಂದುವಿಗೆ ಸಂಬಂಧಿಸಿದ್ದು. ಕಣ್ಣುಪಾಪೆಗಳ ನಡುವಿನ ಅಂತರ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿದ್ದರೂ ಸಿದ್ಧ ಗಾಜಿನಲ್ಲಿ ದೃಷ್ಟಿಕೇಂದ್ರ ಒಂದೇ ಕಡೆ ನಿಂತಿರುತ್ತದೆ. ಕೇಂದ್ರ ತಪ್ಪಿದ ಗಾಜು ಪಟ್ಟಕದಂತೆ ಬಿಂಬವನ್ನು ಪಕ್ಕಕ್ಕೆ ಸರಿಸುತ್ತದೆ. ಎಷ್ಟು ಎಂಬುದನ್ನು ತಪ್ಪಿದ ಸೆಂಟಿಮೀಟರನ್ನು ಪವರಿನಿಂದ ಗುಣಿಸಿ ತಿಳಿಯಬಹುದು. ಮೈನಸ್ 2ರ ಗಾಜು 4 ಮಿಲಿಮೀಟರ್ ತಪ್ಪಿದರೆ ಬರುವ 0.8 ಪ್ರಿಸಂ ಡಯಾಪ್ಟರನ್ನು ಕಣ್ಣು ಗಮನಿಸುವುದೂ ಇಲ್ಲ; ಮೈನಸ್ 8ರ ಗಾಜಿನಲ್ಲಿ ಅದೇ ತಪ್ಪು 3.2ಕ್ಕೇರಿ, ಅರ್ಧ ಗಂಟೆಯ ಮುಳುಗಿನ ನಂತರ ತಲೆನೋವಿಗೂ ಕಣ್ಣಿನ ಬಳಲಿಕೆಗೂ ಕಾರಣವಾಗಬಹುದು.

ಇಂಥವರಿಗಾಗಿ ಇರುವ ದಾರಿ ಅಂಟಿಸಿದ ಗಾಜು. ವ್ಯಕ್ತಿಯ ಚೀಟಿಗೆ ತಕ್ಕಂತೆ ಸಿಲಿಂಡರ್, ಅದರ ಕೋನ, ಪಾಪೆಗಳ ಅಂತರ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಉಜ್ಜಿದ ಮಸೂರವನ್ನು ಮಾಸ್ಕಿನ ಮೂಲ ಗಾಜಿನ ಒಳಮೈಗೆ ಪಾರದರ್ಶಕ ಅಂಟಿನಿಂದ ಕೂಡಿಸಲಾಗುತ್ತದೆ. ಒಂದೇ ದೊಡ್ಡ ಗಾಜಿರುವ ಮಾಸ್ಕಿಗೂ ಇದನ್ನು ಮಾಡಬಹುದು. ಖರ್ಚು ಹೆಚ್ಚು, ಮಾಡುವವರೂ ವಿರಳ. ಕೆಲಸ ಕೆಟ್ಟರೆ ಅಂಟಿನ ನಡುವೆ ಗಾಳಿಯ ಗುಳ್ಳೆಗಳು ಉಳಿಯುತ್ತವೆ. ಹೊಸ ಮಾಸ್ಕಿನ ಗಾಜಿನ ಮೇಲೆ ಉಳಿದಿರುವ ಸಿಲಿಕೋನ್ ಪೊರೆಯನ್ನು ತೆಗೆಯಲು ಕೆಲವರು ಲೈಟರಿನ ಜ್ವಾಲೆ ತೋರಿಸುವುದುಂಟು. ಅಂಟಿಸಿದ ಮಸೂರವಿರುವ ಗಾಜಿಗೆ ಆ ಉಪಾಯವನ್ನು ಎಂದಿಗೂ ಬಳಸಬಾರದು. ತಂತಿಯ ಚೌಕಟ್ಟಿನಲ್ಲಿ ಕನ್ನಡಕದ ಗಾಜುಗಳನ್ನು ಕೂರಿಸಿ ಮಾಸ್ಕಿನೊಳಗೆ ಸಿಕ್ಕಿಸುವ ಅಗ್ಗದ ಸಾಧನವೂ ಇದೆ. ಆದರೆ ಅದು ಅಲುಗಾಡುತ್ತದೆ ಮತ್ತು ಮಂಜುಗಟ್ಟುವ ಮೈಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆ. ತಾತ್ಕಾಲಿಕ ಬಳಕೆಗಷ್ಟೇ ಅದು ತಕ್ಕುದು.

ನಲವತ್ತು ದಾಟಿದವರ ಸಮಸ್ಯೆ ಇವೆಲ್ಲಕ್ಕಿಂತ ಭಿನ್ನವಾಗಿದ್ದು, ಅದಕ್ಕೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ. ವಯಸ್ಸಿನೊಂದಿಗೆ ಕಣ್ಣಿನ ಮಸೂರ ಬಿರುಸಾಗಿ, ಹತ್ತಿರದ್ದನ್ನು ನೋಡಲು ಬೇಕಾದಷ್ಟು ಉಬ್ಬಲಾರದೆ ಚಾಳೀಸು ಬರುತ್ತದೆ. ನೀರು ಸಮೀಪದೃಷ್ಟಿಯವರಿಗೆ ಕೊಡುವ ಸಣ್ಣ ಸಹಾಯವೇ ಇವರಿಗೆ ಹೊರೆಯಾಗುತ್ತದೆ. ಮಾಸ್ಕಿನಿಂದ 45 ಸೆಂಟಿಮೀಟರ್ ದೂರದಲ್ಲಿ ಹಿಡಿದ ಗೇಜು ನೀರಿನಲ್ಲಿ ಸುಮಾರು 34 ಸೆಂಟಿಮೀಟರಿನಲ್ಲಿದ್ದಂತೆ ವರ್ತಿಸುವುದರಿಂದ, ನೆಲದ ಮೇಲೆ ಸುಮಾರು 2.2 ಡಯಾಪ್ಟರ್ ಸಾಕಾಗುತ್ತಿದ್ದ ಓದಿಗೆ ಅಲ್ಲಿ 3ರಷ್ಟು ಬೇಕಾಗುತ್ತದೆ. ಅಂಕಿಗಳು ದೊಡ್ಡದಾಗಿ ಕಾಣುವುದು ಸ್ವಲ್ಪ ಮಟ್ಟಿಗೆ ಇದನ್ನು ಸರಿದೂಗಿಸಿದರೂ ಮಂದ ಬೆಳಕಿನಲ್ಲಿ ಆ ಲಾಭ ಉಳಿಯದು. ದೂರದ ದೃಷ್ಟಿ ಚೆನ್ನಾಗಿರುವವರಿಗೆ ಸರಳವಾದ ಪರಿಹಾರವೆಂದರೆ ಮಾಸ್ಕಿನ ಗಾಜಿನ ಕೆಳಭಾಗಕ್ಕೆ ನೀರಿನ ತೇವದಿಂದಲೇ ಅಂಟಿಕೊಳ್ಳುವ ಮೃದು ಪ್ಲಾಸ್ಟಿಕ್ಕಿನ ಓದುಮಸೂರ. ಕತ್ತರಿಯಿಂದ ಬೇಕಾದ ಆಕಾರಕ್ಕೆ ಕತ್ತರಿಸಿ ಒಳಮೈಗೆ ಒತ್ತಿ ಒಣಗಲು ಬಿಟ್ಟರೆ ಸಾಕು. ಮೇಲ್ಭಾಗ ಸಾದಾ, ಕೆಳಭಾಗ ಪ್ಲಸ್ ಇರುವ ಸಿದ್ಧ ಗಾಜುಗಳೂ ಸಿಗುತ್ತವೆ. ಸಮೀಪದೃಷ್ಟಿಯೂ ಚಾಳೀಸೂ ಒಟ್ಟಿಗಿರುವವರು ಮಾತ್ರ ಎಚ್ಚರದಿಂದ ಯೋಚಿಸಬೇಕು. ಕನ್ನಡಕ ತೆಗೆದು ಪತ್ರಿಕೆ ಓದುವ ಮೈನಸ್ 2.5ರ ಐವತ್ತೈದರ ವ್ಯಕ್ತಿ ಪೂರ್ತಿ ಪವರಿನ ಮಾಸ್ಕ್ ಧರಿಸಿದರೆ ದೂರದ ಬಂಡೆ ನಿಚ್ಚಳವಾಗಿ ಕಂಡು ಕೈಯಲ್ಲಿರುವ ಗೇಜು ಮಸುಕಾಗುತ್ತದೆ. ಅಂಥವರು ಕೆಳಭಾಗದಲ್ಲಿ ಓದುಮಸೂರ ಸೇರಿಸಬೇಕು, ಇಲ್ಲವೇ ಒಂದು ಕಣ್ಣಿಗೆ ಪೂರ್ತಿ ಪವರನ್ನೂ ಇನ್ನೊಂದಕ್ಕೆ ಕಡಿಮೆ ಪವರನ್ನೂ ಇಟ್ಟು ದೂರಕ್ಕೊಂದು ಕಣ್ಣು, ಹತ್ತಿರಕ್ಕೊಂದು ಕಣ್ಣು ಎಂದು ಹಂಚಬೇಕು. ಈ ಹಂಚಿಕೆ ಎಲ್ಲರಿಗೂ ಒಗ್ಗುವುದಿಲ್ಲವಾದ್ದರಿಂದ ಈಜುಕೊಳದಲ್ಲಿ ಮೊದಲೇ ಪರೀಕ್ಷಿಸಿ ನೋಡಬೇಕು.

ಕಾಂಟ್ಯಾಕ್ಟ್ ಲೆನ್ಸ್ ಧರಿಸಿ ಸಾದಾ ಮಾಸ್ಕ್ ಹಾಕಿಕೊಳ್ಳುವುದು ಇನ್ನೊಂದು ದಾರಿ. ದೋಣಿಯಲ್ಲಿ, ನೀರಿನಲ್ಲಿ, ದಡದಲ್ಲಿ ಒಂದೇ ನೋಟ. ಸಿಲಿಂಡರ್ ಇದ್ದರೂ ಅದಕ್ಕೆ ತಕ್ಕ ಲೆನ್ಸುಗಳಿವೆ. ಯಾವ ಬಾಡಿಗೆ ಮಾಸ್ಕಾದರೂ ಆಗುತ್ತದೆ. ಆದರೆ ಎಲ್ಲ ಲೆನ್ಸುಗಳೂ ಇದಕ್ಕೆ ಸಲ್ಲುವುದಿಲ್ಲ. ಆಳದಿಂದ ಮೇಲೇರುವಾಗ ಒತ್ತಡ ಇಳಿದು ದೇಹದಲ್ಲಿ ಕರಗಿದ್ದ ಅನಿಲ ಹೊರಬರುತ್ತದೆ, ಕಾರ್ನಿಯಾದ ಮೇಲಿನ ಕಣ್ಣೀರಿನ ಪದರದಲ್ಲಿಯೂ ಹೀಗೆಯೇ ಆಗುತ್ತದೆ. ಗಾಳಿಯಾಡದ ಗಟ್ಟಿ ಲೆನ್ಸಿನ ಕೆಳಗೆ ಈ ಅನಿಲ ಗುಳ್ಳೆಗಳಾಗಿ ಸಿಕ್ಕಿಕೊಂಡು ಕಣ್ಣು ನೋಯುವುದು, ದೀಪಗಳ ಸುತ್ತ ಬಳೆ ಕಾಣುವುದು, ನೋಟ ಮಂಕಾಗುವುದು ಅಮೆರಿಕದ ಒತ್ತಡ ಕೊಠಡಿಯ ಪ್ರಯೋಗಗಳಲ್ಲಿ ಕಂಡುಬಂದು, ಅದರ ವರದಿ 1980ರಲ್ಲಿ ಪ್ರಕಟವಾಯಿತು. ಮೃದು ಲೆನ್ಸುಗಳಲ್ಲಿ ಈ ತೊಂದರೆ ಕಾಣಲಿಲ್ಲ. ಗಾತ್ರದಲ್ಲಿಯೂ ಸುಮಾರು 14 ಮಿಲಿಮೀಟರ್ ಅಗಲವಿದ್ದು ರೆಪ್ಪೆಗಳ ಕೆಳಗೆ ಸೇರಿಕೊಳ್ಳುವ ಮೃದು ಲೆನ್ಸು, ಒಂಬತ್ತು ಹತ್ತು ಮಿಲಿಮೀಟರಿನ ಗಟ್ಟಿ ಲೆನ್ಸಿನಷ್ಟು ಸುಲಭವಾಗಿ ನೀರಿನಲ್ಲಿ ಕೊಚ್ಚಿಹೋಗುವುದಿಲ್ಲ. ಹಾಗಿದ್ದರೂ ತರಬೇತಿಯಲ್ಲಿ ಕಡ್ಡಾಯವಾಗಿರುವ ಮಾಸ್ಕ್ ತೆಗೆದು ಮತ್ತೆ ಹಾಕಿಕೊಳ್ಳುವ ಅಭ್ಯಾಸದ ವೇಳೆ ಕಣ್ಣು ಮುಚ್ಚಿಕೊಂಡಿರಬೇಕು, ಮತ್ತು ತಾನು ಲೆನ್ಸ್ ಧರಿಸಿರುವುದನ್ನು ತರಬೇತುದಾರನಿಗೂ ಜೊತೆಗಾರನಿಗೂ ಮೊದಲೇ ತಿಳಿಸಿರಬೇಕು.

ಲೆನ್ಸಿನ ನಿಜವಾದ ಅಪಾಯ ಇರುವುದು ಸೋಂಕಿನಲ್ಲಿ. ಕೊಳ, ನಲ್ಲಿ, ಸಮುದ್ರ ಎಲ್ಲ ಬಗೆಯ ನೀರಿನಲ್ಲೂ ಬದುಕುವ ಅಕಾಂತಮೀಬಾ ಎಂಬ ಏಕಕೋಶ ಜೀವಿ ಲೆನ್ಸಿಗೆ ಅಂಟಿಕೊಂಡು ಕಾರ್ನಿಯಾವನ್ನು ಹೊಕ್ಕರೆ, ವಿಪರೀತ ನೋವಿನ, ತಿಂಗಳುಗಟ್ಟಲೆ ಚಿಕಿತ್ಸೆ ಬೇಡುವ ಹುಣ್ಣಾಗಿ ಕೆಲವೊಮ್ಮೆ ದೃಷ್ಟಿಯನ್ನೇ ಕಸಿದುಕೊಳ್ಳುತ್ತದೆ. ಇದು ಅಪರೂಪದ ಕಾಯಿಲೆ, ಆದರೆ ಬಂದರೆ ಕ್ಷಮಿಸದ ಕಾಯಿಲೆ. ಆದ್ದರಿಂದ ತಿಂಗಳುಗಟ್ಟಲೆ ಬಳಸುವ ಲೆನ್ಸುಗಳನ್ನು ಬಿಟ್ಟು ದಿನಕ್ಕೊಂದರಂತೆ ಬಳಸಿ ಎಸೆಯುವ ಮೃದು ಲೆನ್ಸುಗಳನ್ನೇ ಮುಳುಗಿಗೆ ಬಳಸಬೇಕು, ಅಂದಿನ ಮುಳುಗು ಮುಗಿದ ಮೇಲೆ ಕೈ ತೊಳೆದು ತೆಗೆದು ಬಿಸಾಡಬೇಕು, ನಲ್ಲಿ ನೀರಿನಿಂದ ಲೆನ್ಸ್ ತೊಳೆಯುವುದನ್ನು ಯಾವ ಕಾರಣಕ್ಕೂ ಮಾಡಬಾರದು. ಮಾಸ್ಕಿಗೆ ಮಂಜು ಕಟ್ಟದಿರಲೆಂದು ಉಗುಳು ಹಚ್ಚುವ ರೂಢಿಯನ್ನೂ ಲೆನ್ಸ್ ಧರಿಸುವವರು ಬಿಟ್ಟು, ಅದಕ್ಕೆಂದೇ ಸಿಗುವ ದ್ರಾವಣವನ್ನು ಬಳಸುವುದು ಮೇಲು. ಮುಳುಗಿನ ನಂತರ ಕಣ್ಣು ಕೆಂಪಾಗಿ ನೋಯತೊಡಗಿದರೆ ಮರುದಿನಕ್ಕೆ ಕಾಯದೆ ನೇತ್ರವೈದ್ಯರನ್ನು ಕಾಣಬೇಕು.

ಲೇಸರ್ ಶಸ್ತ್ರಚಿಕಿತ್ಸೆಯಿಂದ ಪವರನ್ನೇ ತೆಗೆಸಿಕೊಂಡವರು ಧಾರಾಳವಾಗಿ ಮುಳುಗಬಹುದು. ಕಾರ್ನಿಯಾದ ಮೇಲ್ಪದರವನ್ನು ಮುಚ್ಚಳದಂತೆ ಎತ್ತಿ ಒಳಗೆ ತಿದ್ದುವ ಲ್ಯಾಸಿಕ್ ವಿಧಾನದ ನಂತರ ಕನಿಷ್ಠ ಒಂದು ತಿಂಗಳಾದರೂ ಕಾಯಬೇಕೆಂಬುದು ಡೈವಿಂಗ್ ವೈದ್ಯಶಾಸ್ತ್ರದ ಸಾಮಾನ್ಯ ಸಲಹೆ. ವೈದ್ಯರು ಕಣ್ಣನ್ನು ನೋಡಿ ಇನ್ನೂ ಹೆಚ್ಚು ಕಾಲ ಹೇಳಬಹುದು. ಆದರೆ ವರ್ಷಕ್ಕೆ ಒಂದೆರಡು ಬಾರಿ ಮುಳುಗುವ ಸಂತೋಷಕ್ಕಾಗಿ ಮಾತ್ರ ಆರೋಗ್ಯವಂತ ಕಾರ್ನಿಯಾವನ್ನು ಶಸ್ತ್ರಚಿಕಿತ್ಸೆಗೆ ಒಡ್ಡುವುದು ವಿವೇಕವಲ್ಲ, ಏಕೆಂದರೆ ಅದೇ ಕೆಲಸವನ್ನು ಎರಡು ಗಾಜಿನ ತುಂಡುಗಳು ಯಾವ ಗಾಯವೂ ಇಲ್ಲದೆ ಮಾಡಿಕೊಡುತ್ತವೆ. ರೆಟಿನಾದ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನೊಳಗೆ ಅನಿಲದ ಗುಳ್ಳೆ ಬಿಟ್ಟಿರುವವರು ಮಾತ್ರ ಆ ಗುಳ್ಳೆ ಪೂರ್ತಿ ಕರಗಿದೆಯೆಂದು ವೈದ್ಯರು ಹೇಳುವವರೆಗೆ ನೀರಿಗಿಳಿಯಲೇಬಾರದು. ಒತ್ತಡ ಬದಲಾದಂತೆ ಆ ಗುಳ್ಳೆಯ ಗಾತ್ರವೂ ಬದಲಾಗಿ ಕಣ್ಣಿಗೆ ಮರಳಿ ಬಾರದ ಹಾನಿಯಾಗುತ್ತದೆ.

ಯಾವ ದಾರಿಯನ್ನು ಹಿಡಿದರೂ ಗಾಜಿಗಿಂತ ಮೊದಲು ಮುಖಕ್ಕೆ ಕೂರುವ ಮಾಸ್ಕನ್ನು ಹುಡುಕಬೇಕು. ಪಟ್ಟಿಯನ್ನು ಹಾಕಿಕೊಳ್ಳದೆ ಮಾಸ್ಕನ್ನು ಮುಖಕ್ಕಿಟ್ಟು ಮೂಗಿನಿಂದ ಮೆಲ್ಲಗೆ ಉಸಿರೆಳೆದಾಗ ಅದು ಕೈಬಿಟ್ಟರೂ ಬೀಳದೆ ನಿಂತರೆ ಅಳತೆ ಸರಿಯಿದೆ ಎಂದರ್ಥ. ನೀರು ಸೋರುವ ಮಾಸ್ಕಿನಲ್ಲಿ ಎಷ್ಟು ಕರಾರುವಾಕ್ಕಾದ ಪವರ್ ಇದ್ದರೂ ಪ್ರಯೋಜನವಿಲ್ಲ. ಅಂಗಡಿಗೆ ಹೋಗುವಾಗ ಒಂದು ವರ್ಷದೊಳಗಿನ ಕಣ್ಣಿನ ಚೀಟಿ ಜೊತೆಗಿರಲಿ. ಅದರಲ್ಲಿ ಪಾಪೆಗಳ ಅಂತರವನ್ನು ಬರೆದಿರದಿದ್ದರೆ ಪರೀಕ್ಷಿಸಿದವರನ್ನು ಕೇಳಿ ಬರೆಸಿಕೊಳ್ಳಬೇಕು. ಪವರ್ ಮಾಸ್ಕ್ ಕಳೆದುಹೋದರೆ ಅದೇ ದಿನ ಇನ್ನೊಂದನ್ನು ಪಡೆಯುವುದು ಹೆಚ್ಚಿನ ಕಡಲತೀರಗಳಲ್ಲಿ ಸಾಧ್ಯವಿಲ್ಲವಾದ್ದರಿಂದ, ಮೈನಸ್ 4ನ್ನು ದಾಟಿದವರು ದೂರದ ಊರುಗಳಿಗೆ ಹೋಗುವಾಗ ಎರಡನೆಯ ಮಾಸ್ಕನ್ನೋ ಕೆಲವು ಜೊತೆ ಒಂದು ದಿನದ ಲೆನ್ಸುಗಳನ್ನೋ ಒಯ್ಯುವುದು ಒಳ್ಳೆಯದು. ಹೊಸ ಗಾಜಿನ ಮಾಸ್ಕನ್ನು ಮೊದಲು ಈಜುಕೊಳದಲ್ಲಿ ಧರಿಸಿ, ಕೈಯಲ್ಲಿ ಡೈವ್ ಕಂಪ್ಯೂಟರ್ ಹಿಡಿದು ಅದರ ಅತಿ ಚಿಕ್ಕ ಅಂಕಿಯನ್ನು ಓದಿ ನೋಡಬೇಕು; ಅಲ್ಲಿ ಓದಲಾಗದ ಅಂಕಿಯನ್ನು ಸಮುದ್ರದಲ್ಲಿಯೂ ಓದಲಾಗುವುದಿಲ್ಲ.